ಅರಗಿನ ಆನೆ

ಮೊದಲ ದಿನ: ಮೈಸೂರು

ಮಾವನ ಚದುರಂಗದ ಡಬ್ಬಿಯಲ್ಲಿ ಮರದ ಕಾಯಿಗಳು ಮೂವತ್ತೊಂದು. ಮೂವತ್ತೆರಡನೆಯದು ಅರಗಿನದು. ಅಂಚೆ ಕಚೇರಿಯಲ್ಲಿ ಟಪಾಲು ಚೀಲದ ಗಂಟಿಗೆ ಮುದ್ರೆ ಒತ್ತುತ್ತಿದ್ದರಲ್ಲ, ಅದೇ ಕೆಂಪು ಅರಗು. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಕಪ್ಪು ಆನೆಯೊಂದು ಕಳೆದುಹೋಯಿತು. ಕಳೆದವಳು ನಾನೇ ಅಂತ ಮಾವನ ವಾದ. ಹಬ್ಬದ ಗಡಿಬಿಡಿಯಲ್ಲಿ ಅವರೇ ಗುಡಿಸಿ ಎಸೆದರು ಅಂತ ನನ್ನದು. ಮಾರನೆಯ ಸಂಜೆ ಮಾವ ಕೆಲಸದಿಂದ ಬರುವಾಗ ಜೇಬಿನಲ್ಲಿ ಅರಗಿನ ಚೂರು ತಂದರು. ದೀಪದ ಮೇಲೆ ಹದ ಮಾಡಿ, ಗುಂಡುಪಿನ್ನಿನಲ್ಲಿ ಸೊಂಡಿಲು ಗೀರಿ, ಎರಡು ಸಾಸಿವೆ ಒತ್ತಿ ಕಣ್ಣು ಇಟ್ಟರು. ಆವತ್ತಿನಿಂದ ಕಪ್ಪು ಸೈನ್ಯದ ಒಂದು ಮೂಲೆಯಲ್ಲಿ ಕೆಂಪಾನೆ ನಿಂತಿದೆ.

ಮಗಳಿಗೆ ಚೆನ್ನೈಯಲ್ಲಿ ಮೇ ತಿಂಗಳ ಕೊನೆಗೆ ಎರಡು ದಿನದ ಟೂರ್ನಮೆಂಟ್ ಇತ್ತು. ರಾತ್ರಿ ರೈಲು ಹತ್ತಿದ್ದರೆ ಬೆಳಿಗ್ಗೆ ಚೆನ್ನೈ. ಆದರೆ ಮಾವ, "ಅಷ್ಟು ದೂರ ಹೋಗೋರು ಪೂವನೂರಿಗೂ ಹೋಗಿ ಬರೋಣ ಕಣೇ, ಅಲ್ಲಿ ಶಿವನೇ ಚದುರಂಗ ಆಡಿ ಗೆದ್ದಿದ್ದಾನಂತೆ" ಅಂದರು. ನಾನು ಬಾಯಿ ಮುಚ್ಚಿಕೊಂಡಿರದೆ, ಊರಿಗೆ ಊರೇ ಚದುರಂಗ ಆಡುವ ಕೇರಳದ ಮರೋಟ್ಟಿಚಾಲನ್ನೂ ಸೇರಿಸಿದೆ. ಮೈಸೂರಿಂದ ಚೆನ್ನೈಗೆ ತ್ರಿಶೂರಿನ ಮೇಲೆ ಹೋಗುವವರು ಯಾರೂ ಇರಲಾರರು. ಕುದುರೆ ನಡೆ ಅಂದುಕೊಳ್ಳಿ.

ಹೊರಡುವ ಮುಂಚೆ ಜಗನ್ಮೋಹನ ಅರಮನೆಗೆ ಹೋಗಲೇಬೇಕು ಅಂತ ಮಾವನ ಹಟ. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಅರಮನೆ. ಎಲ್ಲರೂ ರವಿವರ್ಮನ ಚಿತ್ರಗಳ ಮುಂದೆ ನಿಂತರೆ ನಮ್ಮ ಮಾವ ರಂಗಮಹಲಿನ ಗೋಡೆಗಳ ಕಡೆಗೆ ನಡೆದರು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ, 1868ರಲ್ಲಿ ತೀರಿಕೊಳ್ಳುವವರೆಗೂ ಮುಮ್ಮಡಿಯವರು ಗ್ರಂಥ, ಸಂಗೀತ, ಆಟಗಳಲ್ಲಿ ಮುಳುಗಿದ್ದರು. ಅವರ ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗ, ಕೌತುಕನಿಧಿ, ಪೂರ್ತಿ ಆಟಗಳದ್ದೇ. ರಾಜ್ಯ ಹೋದ ದುಃಖಕ್ಕೆ ಮಣೆ ಹಿಡಿದರು ಅಂತ ಕೆಲವರು ಕರುಣೆಯಿಂದ ಹೇಳುವುದುಂಟು. ನನಗೆ ಆ ಮಾತು ಒಗ್ಗುವುದಿಲ್ಲ. ಗಂಜೀಫ ಅನ್ನುವ ಇಸ್ಪೀಟಿನಂಥ ಆಟದ ಎಲೆಗಳಿಗೆ ಅಷ್ಟೊಂದು ಹೊಸ ಲೆಕ್ಕ ಹಾಕಿದವರು ಬೇಜಾರು ಕಳೆಯಲು ಕೂತವರಂತೆ ಕಾಣುವುದಿಲ್ಲ.

ಅವರಿಗೆ ಬಲು ಪ್ರೀತಿಯದು ಕುದುರೆ ನಡೆಯ ಬಂಧ. ಅರವತ್ನಾಲ್ಕು ಮನೆಗೆ ಒಂದೊಂದು ಅಕ್ಷರ. ಸಾಲಾಗಿ ಓದಿದರೆ ಅರ್ಥವಿಲ್ಲ. ಕುದುರೆ ಹಾರುವ ಹಾದಿಯಲ್ಲಿ, ಒಂದು ಮನೆಯನ್ನೂ ಎರಡು ಸಲ ತುಳಿಯದೆ ಓದಿಕೊಂಡು ಹೋದರೆ ಶ್ಲೋಕ ಬಿಚ್ಚಿಕೊಳ್ಳುತ್ತದೆ. ಕಾಶ್ಮೀರದ ರುದ್ರಟ ಒಂಬತ್ತನೆಯ ಶತಮಾನದಲ್ಲೇ ತನ್ನ ಕಾವ್ಯಾಲಂಕಾರದಲ್ಲಿ ಅರ್ಧ ಮಣೆಯ ಮೇಲೆ ಈ ಕಸರತ್ತು ಮಾಡಿದ್ದ.

"ಇದು ಸುಲಭ ತಾತ," ಅಂದಳು ಮಗಳು. "ಯಾವ ಮನೆಯಿಂದ ಮುಂದಕ್ಕೆ ಕಡಿಮೆ ದಾರಿ ಇದೆಯೋ ಆ ಮನೆಗೆ ಮೊದಲು ಹೋಗಬೇಕು. ಮೂಲೆಗೆ ಬರೀ ಎರಡು ದಾರಿ. ಅದನ್ನ ಕೊನೆಗೆ ಬಿಟ್ರೆ ಸಿಕ್ಕಾಕೋತೀವಿ."

"ಆಮೇಲೆ ಅದರಲ್ಲಿ ಶ್ಲೋಕ ಕೂರಿಸು ನೋಡೋಣ," ಅಂದರು ಮಾವ.

ಎರಡನೇ ದಿನ: ಬಂಡೀಪುರ ದಾಟಿ ತ್ರಿಶೂರಿಗೆ

ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಬಂದ್. ಗೇಟು ತೆಗೆಯುವ ಹೊತ್ತಿಗೆ ಲಾರಿಗಳ ಸಾಲಿನಲ್ಲಿ ನಾವು ಏಳನೆಯವರು. ಕಾಡಿನೊಳಗೆ ಹತ್ತು ನಿಮಿಷ ಹೋಗಿರಬಹುದು, ಮುಂದಿನ ಜೀಪು ನಿಂತಿತು. ಎಡಗಡೆ ಲಾಂಟಾನಾ ಪೊದೆಯಿಂದ ಒಂದು ಹೆಣ್ಣಾನೆ, ಹಿಂದೆ ಮರಿ. ರಸ್ತೆಗೆ ಬಂದು, ನೇರ ದಾಟದೆ, ಟಾರಿನ ಮೇಲೆ ಓರೆಯಾಗಿ ಒಂದಿಪ್ಪತ್ತು ಹೆಜ್ಜೆ ನಡೆದು ಆಚೆ ಬದಿಗೆ ಇಳಿಯಿತು.

"ನೋಡಿದ್ರಾ ತಾತ, ಬಿಷಪ್ ಥರ ಹೋಯ್ತು!"

ಮಾವನಿಗೆ ಕೋಪ ಬರಲು ಇಷ್ಟು ಸಾಕು. ಅವರ ಪ್ರಕಾರ ಆನೆ ನೆಟ್ಟಗೆ, ಒಂಟೆ ಓರೆಗೆ, ಕುದುರೆ ಎರಡೂವರೆ ಮನೆ, ರಾಜನ ಪಕ್ಕ ಮಂತ್ರಿ. ಮಗಳ ಬಾಯಲ್ಲಿ ರೂಕ್, ಬಿಷಪ್, ನೈಟ್, ಕ್ವೀನ್. ಇಬ್ಬರ ನಡುವೆ ಭಾಷೆಯ ಜಗಳವಲ್ಲದೆ ನಿಯಮದ ಜಗಳವೂ ಇದೆ. ಮಾವನದು ದೇಸಿ ಆಟ: ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯಬೇಕು, ಕೋಟೆ ಕಟ್ಟುವುದು ಇಲ್ಲ, ಬದಲಿಗೆ ರಾಜ ಚೆಕ್ ತಿನ್ನುವ ಮುಂಚೆ ಒಂದೇ ಒಂದು ಸಲ ಕುದುರೆಯಂತೆ ಹಾರಬಹುದು. ಕಾಲಾಳು ಕೊನೆಯ ಸಾಲು ಮುಟ್ಟಿದರೆ ಯಾವ ಕಾಯಿಯ ಮನೆಗೆ ಹೋಯಿತೋ ಅದೇ ಆಗುತ್ತದೆ. ಕುದುರೆ ಮನೆಗೆ ಹೋಗಿ ಮಂತ್ರಿ ಬೇಕು ಅಂದರೆ ಸಿಗುವುದಿಲ್ಲ.

ಗುಡಲೂರು, ನಾಡುಗಾಣಿ ಘಾಟಿ, ನಿಲಂಬೂರು. ಘಾಟಿಯಲ್ಲಿ ಮಗಳಿಗೆ ವಾಂತಿ. ಸಂಜೆ ಐದಕ್ಕೆ ತ್ರಿಶೂರು. ಈ ಪೈಕಿ ಹೇಳಿಕೊಳ್ಳುವಂಥದ್ದು ಆ ಆನೆಯೊಂದೇ.

ಮೂರನೇ ದಿನ: ಮರೋಟ್ಟಿಚಾಲ್

ತ್ರಿಶೂರಿನಿಂದ ಪೂರ್ವಕ್ಕೆ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ರಬ್ಬರ್ ತೋಟ, ಅಡಿಕೆ, ಜಾತಿಕಾಯಿ, ಆಮೇಲೆ ಕಾಡಿನ ಅಂಚು. ಒಂದು ಕಾಲಕ್ಕೆ ಕಳ್ಳಭಟ್ಟಿಗೆ ಹೆಸರಾಗಿದ್ದ ಊರು. ಮನೆಮನೆಯಲ್ಲಿ ಕುಡಿತ, ಇಸ್ಪೀಟು. ಅಮೆರಿಕದ ಚದುರಂಗ ಚಾಂಪಿಯನ್ ಬಾಬಿ ಫಿಷರ್ ಬಗ್ಗೆ ಓದಿ ಹುಚ್ಚು ಹಿಡಿಸಿಕೊಂಡ ಒಬ್ಬ ಹುಡುಗ ಪಕ್ಕದ ಊರಿಗೆ ಹೋಗಿ ಆಟ ಕಲಿತು ಬಂದ. ಮುಂದೆ ಚಹಾದಂಗಡಿ ಇಟ್ಟ. ಬಂದವರಿಗೆಲ್ಲ ಚಹಾದ ಜೊತೆ ಆಟವನ್ನೂ ಕಲಿಸಿದ. ಕಲಿತವರು ಮನೆಯವರಿಗೆ ಕಲಿಸಿದರು. ಕುಡಿತ ಕಡಿಮೆಯಾಗಿದ್ದಕ್ಕೆ ಚದುರಂಗವೊಂದೇ ಕಾರಣ ಅಂತ ಹೇಳಿದರೆ ನಾನು ಪೂರ್ತಿ ನಂಬುವುದಿಲ್ಲ. ಭಟ್ಟಿ ಒಡೆಯಲು ಊರಿನವರೇ ಅಬ್ಕಾರಿಯವರನ್ನು ಕರೆಸಿದ್ದೂ ಈ ಕತೆಯಲ್ಲಿ ಇದೆ. ಆದರೆ ಸಂಜೆ ಆರರಿಂದ ಒಂಬತ್ತರವರೆಗೆ ಕೈಗೊಂದು ಕೆಲಸ ಬೇಕಿತ್ತಲ್ಲ, ಅದನ್ನು ಇದು ಕೊಟ್ಟಿರಬೇಕು.

ಚಹಾದಂಗಡಿಯ ಬೆಂಚಿನ ಮೇಲೆ ಎರಡು ಮಣೆ ಹಾಸಿತ್ತು. ಒಂದರಲ್ಲಿ ಆಟೋ ಚಾಲಕರಿಬ್ಬರು. ಇನ್ನೊಂದರ ಮುಂದೆ ಮಾವನ ವಯಸ್ಸಿನವರೊಬ್ಬರು, ಮುಂಡು, ಬರಿ ಮೈ, ಹೆಗಲ ಮೇಲೆ ತೋರ್ತು. ಮಾವ ಕಾರಿನಿಂದ ತಮ್ಮ ಡಬ್ಬಿ ತಂದು ಪಕ್ಕದಲ್ಲಿ ಇಟ್ಟರು. ಮಾತು ಬೇಕಾಗಲಿಲ್ಲ. ಆತ ಹಳೆಯ ಕಾಯಿಗಳನ್ನು ಒಂದೊಂದಾಗಿ ಎತ್ತಿ, ಬುಡದ ಬಟ್ಟೆ ಮುಟ್ಟಿ ನೋಡಿ, ಮಣೆ ಕಟ್ಟತೊಡಗಿದರು. ಅರಗಿನ ಕಾಯಿ ಕೈಗೆ ಸಿಕ್ಕಾಗ ಬೆಳಕಿಗೆ ಹಿಡಿದರು. ಸಾಸಿವೆ ಕಣ್ಣು ನೋಡಿ ನಕ್ಕರು. "ಆನ," ಅಂದರು. ಅಂದು, ಅದನ್ನು ಮೂಲೆಯಲ್ಲಿ ಇಡದೆ, ಕುದುರೆಯ ಪಕ್ಕ, ನಮ್ಮ ಒಂಟೆಯ ಮನೆಯಲ್ಲಿ ಇಟ್ಟರು.

ಮಾವ ಅದನ್ನೆತ್ತಿ ಮೂಲೆಗೆ ಇಟ್ಟರು. ಆತ ತಲೆಯಾಡಿಸಿ ಮತ್ತೆ ಕುದುರೆ ಪಕ್ಕಕ್ಕೆ. "ಇದು ತೇರು," ಅಂತ ಮೂಲೆ ತೋರಿಸಿದರು. ತೇರು ಕನ್ನಡಕ್ಕೂ ತೇರೇ. ಮಾವನಿಗೆ ಅರ್ಥವಾಯಿತು, ಒಪ್ಪಿಗೆಯಾಗಲಿಲ್ಲ.

ಮಲಯಾಳದಲ್ಲಿ ಮೂಲೆಯದು ತೇರು, ಓರೆ ಹೋಗುವುದು ಆನೆ. ರಾತ್ರಿ ಲಾಡ್ಜಿನಲ್ಲಿ ಕೂತು ಮಗಳಿಗೆ ಹೇಳಿದೆ, ನಿಮ್ಮ ತಾತನಿಗೆ ಈಗಲೇ ಹೇಳಬೇಡ, ಕೇರಳದವರದ್ದೇ ಹಳೆಯ ಲೆಕ್ಕ. ಚತುರಂಗ ಅಂದರೆ ರಥ, ಗಜ, ತುರಗ, ಪದಾತಿ. ಮೂಲೆಯಲ್ಲಿ ರಥ, ಒಳಗೆ ಗಜ. ಆ ಗಜ ಓರೆಯಾಗಿ ಎರಡು ಮನೆ ಹಾರುತ್ತಿತ್ತು ಅಷ್ಟೆ, ಈಗಿನ ಹಾಗೆ ಮಣೆಯ ಆ ತುದಿಯವರೆಗೆ ಜಾರುತ್ತಿರಲಿಲ್ಲ. ಆ ಉದ್ದನೆಯ ನಡೆ ಬಂದಿದ್ದು ಯುರೋಪಿನಲ್ಲಿ, ಹದಿನೈದನೆಯ ಶತಮಾನದ ಕೊನೆಗೆ. ಆಟ ಪರ್ಷಿಯಾಕ್ಕೆ ಹೋದಾಗ ಆನೆ ಪೀಲ್ ಆಯಿತು, ಅರಬರಲ್ಲಿ ಅಲ್-ಫೀಲ್. ಸ್ಪೇನಿನವರು ಇವತ್ತಿಗೂ ಬಿಷಪ್ಪನ್ನು ಆಲ್ಫಿಲ್ ಅನ್ನುತ್ತಾರೆ, ಅದು ಆನೆ ಅನ್ನುವುದು ಮರೆತೇ ಹೋಗಿದೆ. ರಷ್ಯನ್ನರಿಗೆ ಮರೆತಿಲ್ಲ, ಅವರ ಬಿಷಪ್ಪು ಸ್ಲೋನ್, ಅಂದರೆ ಆನೆಯೇ. ಬಂಗಾಳಿಗಳಿಗೂ ಅದು ಗಜ, ಮೂಲೆಯದು ಮಾತ್ರ ದೋಣಿ. ನಾವು ಆನೆಯನ್ನು ಮೂಲೆಗೆ ತಳ್ಳಿ ಒಂಟೆ ತಂದಿದ್ದು ಹಿಂದಿಯವರ ಹಾಥಿ, ಊಂಟ್ ಕಡೆಯ ಲೆಕ್ಕ. ಮರುಭೂಮಿ ಕಾಣದ ಮೈಸೂರಿನಲ್ಲಿ ಮಣೆಯ ಮೇಲೆ ನಾಲ್ಕು ಒಂಟೆ.

"ಮತ್ತೆ ಕುದುರೆ?"

ಕುದುರೆಗೆ ಹೆಸರು ಬದಲಾಗಲೇ ಇಲ್ಲ. ಇಲ್ಲಿ ಕುದಿರ, ತಮಿಳರಲ್ಲಿ ಕುದಿರೈ.

ಆಟ ಏನಾಯಿತು ಅಂತ ಹೇಳಲಿಲ್ಲ. ಮಾವ ಸೋತರು. ಹದಿನಾಲ್ಕನೆಯ ನಡೆಯಲ್ಲಿ ರಾಜನನ್ನು ಕುದುರೆಯಂತೆ ಹಾರಿಸಿದರು, ಆತ ಆಕ್ಷೇಪಿಸಲಿಲ್ಲ, "ಪಳಯ ಕಳಿ," ಹಳೇ ಆಟ, ಅಂತ ಆಟೋದವರಿಗೆ ಖುಷಿಯಿಂದ ತೋರಿಸಿದರು. ಆಮೇಲೆ ಹಾರಿ ಕೂತ ರಾಜನನ್ನು ಹತ್ತೇ ನಡೆಯಲ್ಲಿ ಕಟ್ಟಿದರು. ಮಗಳು ಆಟೋ ಚಾಲಕರಲ್ಲಿ ಒಬ್ಬರನ್ನು ಸೋಲಿಸಿದಳು. ತ್ರಿಶೂರಿನವನೇ ಆದ ಗ್ರ್ಯಾಂಡ್‌ಮಾಸ್ಟರ್ ನಿಹಾಲ್ ಸರೀನ್ ಗೊತ್ತಾ ಅಂತ ಅವರು ಇವಳನ್ನು ಕೇಳಿದರು. ನಮ್ಮ ಮೈಸೂರಿನ ತೇಜ್‌ಕುಮಾರ್ ಗೊತ್ತಾ, 2017ರಲ್ಲಿ ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಪಟ್ಟ ತಂದವರು, ಅಂತ ಇವಳು ಕೇಳಿದಳು. ಲೆಕ್ಕ ಸರಿಹೋಯಿತು. ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ.

ನಾಲ್ಕನೇ ದಿನ: ರಸ್ತೆ

ಪಾಲಕ್ಕಾಡು, ಕೊಯಮತ್ತೂರು, ಕರೂರು, ತಿರುಚ್ಚಿ, ತಂಜಾವೂರು. ಬಿಸಿಲು. ಕಾರಿನ ಏಸಿ ಕರೂರಿನ ತನಕ ಕೆಲಸ ಮಾಡಿತು.

ಮಾವ ದಾರಿಯುದ್ದಕ್ಕೂ ಸುಲ್ತಾನ್ ಖಾನನ ಕತೆ ಹೇಳಿದರು. ಪಂಜಾಬಿನ ಹಳ್ಳಿಯವನು, ದೇಸಿ ನಿಯಮದಲ್ಲಿ ಆಡಿ ಬೆಳೆದವನು, ಒಬ್ಬ ಜಮೀನ್ದಾರರ ಪರಿವಾರದಲ್ಲಿ ಇಂಗ್ಲೆಂಡಿಗೆ ಹೋದ. ಪುಸ್ತಕ ಓದಿ ಆರಂಭದ ನಡೆಗಳನ್ನು ಕಲಿತವನಲ್ಲ. ಆದರೂ 1929, 1932, 1933, ಮೂರು ಸಲ ಬ್ರಿಟಿಷ್ ಚಾಂಪಿಯನ್. ವಿಶ್ವ ಚಾಂಪಿಯನ್ ಆಗಿದ್ದ ಕಪಾಬ್ಲಾಂಕನಂಥವನನ್ನೇ ಸೋಲಿಸಿದ. ಆಮೇಲೆ ಯಜಮಾನರ ಜೊತೆ ವಾಪಸು ಬಂದು ಹೊಲ ನೋಡಿಕೊಂಡು ಇದ್ದುಬಿಟ್ಟ. 1966ರಲ್ಲಿ ತೀರಿಕೊಂಡ. ವಿಶ್ವ ಚದುರಂಗ ಸಂಸ್ಥೆ ಫಿಡೆಯವರು ಗೌರವ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಕೊಟ್ಟಿದ್ದು 2024ರಲ್ಲಿ. "ಅಂಚೆ ಇಲಾಖೆಯ ಪೆನ್ಷನ್ ಬಾಕಿ ಇದಕ್ಕಿಂತ ಬೇಗ ಬರುತ್ತೆ," ಅಂದರು ಮಾವ.

ತಂಜಾವೂರಿನಲ್ಲಿ ನಾವು ಕಾದಿರಿಸಿದ್ದ ಕೋಣೆಯನ್ನು ಮದುವೆ ದಿಬ್ಬಣಕ್ಕೆ ಕೊಟ್ಟುಬಿಟ್ಟಿದ್ದರು. ರಾತ್ರಿ ಹತ್ತಕ್ಕೆ ಬಸ್ ನಿಲ್ದಾಣದ ಹಿಂದೆ ಸಿಕ್ಕಿದ ಕೋಣೆಗೆ ಕಿಟಕಿ ಇತ್ತು, ಅದಕ್ಕೆ ಬಾಗಿಲಿರಲಿಲ್ಲ. ಸೊಳ್ಳೆಗಳ ಜೊತೆ ಮಲಗಿದೆವು.

ಐದನೇ ದಿನ: ಪೂವನೂರು

ನೀಡಾಮಂಗಲದಿಂದ ಮನ್ನಾರ್‌ಗುಡಿ ರಸ್ತೆಯಲ್ಲಿ ನಾಲ್ಕೈದು ಕಿಲೋಮೀಟರ್. ಇಬ್ಬದಿಗೂ ಕುಯ್ಲು ಮುಗಿದ ಗದ್ದೆ, ಬಿರುಕು ಬಿಟ್ಟ ಕಾಲುವೆ. ಮೆಟ್ಟೂರು ಅಣೆಕಟ್ಟೆಯ ನೀರು ಬಿಡುವ ವಾಡಿಕೆ ಜೂನ್ 12ಕ್ಕೆ. ದಾರಿ ಕೇಳಲು ನಿಲ್ಲಿಸಿದರೆ ಸೈಕಲ್ಲಿನವರೊಬ್ಬರು ಕಾರಿನ ನಂಬರ್ ಪ್ಲೇಟು ನೋಡಿದರು. ಕೆಎ 09. "ಮೈಸೂರಾ? ಅಣೈಲ ತಣ್ಣಿ ಇರುಕ್ಕಾ?" ಕೃಷ್ಣರಾಜಸಾಗರದಲ್ಲಿ ನೀರೆಷ್ಟಿದೆ ಅಂತ. ನನಗೆ ಗೊತ್ತಿರಲಿಲ್ಲ. ಮಾವನಿಗೆ ಗೊತ್ತಿತ್ತು, ಅಡಿ ಲೆಕ್ಕದಲ್ಲಿ ಹೇಳಿದರು. ಆತ ಅದನ್ನು ಕೇಳಿಕೊಂಡು, ತಲೆಯಾಡಿಸಿ, ಆಮೇಲೆ ದೇವಸ್ಥಾನದ ದಾರಿ ತೋರಿಸಿದರು.

ದೇವರ ಹೆಸರು ಚತುರಂಗ ವಲ್ಲಭನಾಥ. ಏಳನೆಯ ಶತಮಾನದ ಶೈವ ಸಂತಕವಿ ಅಪ್ಪರ್ ಹಾಡಿದ ಕ್ಷೇತ್ರ. 2022ರ ಚೆನ್ನೈ ಚೆಸ್ ಒಲಿಂಪಿಯಾಡ್ ಉದ್ಘಾಟನೆಯಲ್ಲಿ ಪ್ರಧಾನಿ ಈ ಗುಡಿಯ ಹೆಸರು ಹೇಳಿದ ಮೇಲೆ ದೂರದವರಿಗೂ ತಿಳಿಯಿತು. ನಾವು ಹೋದಾಗ ನಮ್ಮನ್ನು ಬಿಟ್ಟರೆ ಒಂದು ಕುಟುಂಬ, ಎರಡು ಮೇಕೆ.

ಅರ್ಚಕರು ಕತೆ ಹೇಳಿದರು. ತಿರುನೆಲ್ವೇಲಿಯ ರಾಜ ವಸುಸೇನ, ರಾಣಿ ಕಾಂತಿಮತಿ. ಮಕ್ಕಳಿಲ್ಲ. ತಾಮ್ರಪರ್ಣಿಯಲ್ಲಿ ಮೀಯುವಾಗ ತಾವರೆಯ ಮೇಲೊಂದು ಶಂಖ, ಮುಟ್ಟಿದರೆ ಹೆಣ್ಣುಮಗು. ರಾಜರಾಜೇಶ್ವರಿ ಅಂತ ಹೆಸರು. ಸಪ್ತಮಾತೃಕೆಯರಲ್ಲಿ ಒಬ್ಬಳು ಸಾಕುತಾಯಿಯಾಗಿ ಬಂದು ಬೆಳೆಸಿದಳು. ಹುಡುಗಿ ಚದುರಂಗದಲ್ಲಿ ಎಂಥ ಗಟ್ಟಿಗಿತ್ತಿ ಅಂದರೆ, ಸೋಲಿಸಿದವನಿಗೇ ಮದುವೆ ಅಂತ ಅಪ್ಪ ಸಾರಿದ. ಯಾರೂ ಗೆಲ್ಲಲಿಲ್ಲ. ಕೊನೆಗೆ ಚಿಂತೆ ಹತ್ತಿ ಕ್ಷೇತ್ರಯಾತ್ರೆ ಹೊರಟು ಪೂವನೂರಿಗೆ ಬಂದಾಗ ಮುದುಕ ಸಿದ್ಧನ ವೇಷದಲ್ಲಿ ಶಿವ ಬಂದ. ಆಡಿದ, ಗೆದ್ದ, ಕೈಹಿಡಿದ.

ಮಗಳು ಇಷ್ಟೂ ಹೊತ್ತು ಸುಮ್ಮನಿದ್ದವಳು ನನ್ನ ಸೆರಗು ಜಗ್ಗಿದಳು. "ಅಮ್ಮ, ಅವನು ಒಂದು ಸಲ ಗೆದ್ದಿದ್ದಕ್ಕೆ ಅವಳನ್ನ ಕೊಟ್ರು. ಅವಳು ಅಷ್ಟು ಸಲ ಗೆದ್ದಿದ್ಲಲ್ಲ, ಅವಳಿಗೆ ಏನು ಕೊಟ್ರು?" ಅರ್ಚಕರಿಗೆ ಅನುವಾದ ಮಾಡುವ ಧೈರ್ಯ ನನಗೆ ಬರಲಿಲ್ಲ.

ಗರ್ಭಗುಡಿಯಲ್ಲಿರುವುದು ಎಲ್ಲ ಶಿವಾಲಯದಂತೆ ಲಿಂಗ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಹೊರಗಿನ ಒಂದು ಗುಡಿ. ಆ ಸಾಕುತಾಯಿಯದು. ಹೆಸರು ಕೇಳಿ ಮಾವ ಚಪ್ಪಾಳೆ ತಟ್ಟಿದರು: ಚಾಮುಂಡೇಶ್ವರಿ! ಬೆಳಿಗ್ಗೆ ಎದ್ದರೆ ಬೆಟ್ಟ ಕಾಣುವ ಮನೆಯವರು ನಾವು, ಇಷ್ಟು ದೂರ ಬಂದು ಮತ್ತೆ ಅವಳ ಮುಂದೆಯೇ ನಿಂತಿದ್ದೆವು. ಇಲ್ಲಿ ಅವಳ ಕೆಲಸವೇ ಬೇರೆ. ಹಾವು, ಇಲಿ, ಹುಳ ಕಚ್ಚಿದವರು ಬಂದು ಪುಷ್ಕರಣಿಯಲ್ಲಿ ಮಿಂದು, ಕೈಗೆ ಬೇರು ಕಟ್ಟಿಸಿಕೊಳ್ಳುತ್ತಾರೆ. ಆ ಇನ್ನೊಂದು ಕುಟುಂಬದ ಹುಡುಗನ ಮಣಿಕಟ್ಟಿಗೆ ಕಟ್ಟಿದ್ದರು. ಏನು ಕಚ್ಚಿತು ಅಂದರೆ, "ಎಲಿ," ಇಲಿ. ಆಸ್ಪತ್ರೆಗೂ ತೋರಿಸಿದ್ದೇವೆ ಅಂತ ಅವನಮ್ಮ ತಾವಾಗಿಯೇ ಹೇಳಿದರು.

ಹೊರಗೆ ಬಂದಾಗ ಒಂದು ಗಂಟೆ. ಕಾರಿನ ಬಾಗಿಲು ತೆಗೆದರೆ ಒಲೆಯ ಬಾಯಿ ತೆಗೆದಂತೆ. ಚದುರಂಗದ ಡಬ್ಬಿ ಹಿಂದಿನ ಗಾಜಿನ ಕೆಳಗೆ, ಬಿಸಿಲಿಗೆ ಮುಖ ಮಾಡಿ ಕೂತಿತ್ತು. ಇಟ್ಟವಳು ನಾನು. ಈ ಸಲ ವಾದವೇ ಇಲ್ಲ.

ಅರಗು ಕರಗಿ ಹರಿದಿರಲಿಲ್ಲ, ಸೊರಗಿತ್ತು. ಬೆನ್ನು ಕುಸಿದು, ಸೊಂಡಿಲು ಎದೆಗೆ ಅಂಟಿ, ಒಂದು ಸಾಸಿವೆ ಒಳಗೆ ಮುಳುಗಿ ಹೋಗಿತ್ತು. ಪಕ್ಕದಲ್ಲಿದ್ದ ಬಿಳಿ ಕಾಲಾಳಿನ ತಲೆ ಅದರ ಹೊಟ್ಟೆಯಲ್ಲಿ ಗುಳಿ ಮಾಡಿತ್ತು. ಮಾವ ಅಂಗೈಯಲ್ಲಿ ಇಟ್ಟುಕೊಂಡು ಊದಿದರು, ಮಗುವಿಗೆ ಹಾಲು ಆರಿಸುವ ಹಾಗೆ.

"ಊರಿಗೆ ಹೋದ ಮೇಲೆ ಮತ್ತೆ ಹದ ಮಾಡಿ ತೀಡಬಹುದು ಮಾವ," ಅಂದೆ.

"ನಿಂತೂ ನಿಂತೂ ಸಾಕಾಗಿತ್ತು ಅನ್ಸುತ್ತೆ. ಕೂತಿದೆ, ಕೂತ್ಕೊಳ್ಳಲಿ."

ಆರನೇ, ಏಳನೇ ದಿನ: ಚೆನ್ನೈ

ಈ ಊರಿಗೆ ಚದುರಂಗ ಹಿಡಿದಿದ್ದು ಹೇಗೆ ಅನ್ನುವುದಕ್ಕೆ ಕಾರಣ ಹುಡುಕಿಕೊಂಡು ತುಂಬಾ ದೂರ ಹೋಗಬೇಕಿಲ್ಲ. 1961ರಲ್ಲಿ ದೇಶದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಆದ ಮ್ಯಾನುಯೆಲ್ ಆರನ್ ಇಲ್ಲಿದ್ದರು. 1972ರಲ್ಲಿ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ತಾಲ್ ಹೆಸರಿನ ಕ್ಲಬ್ಬು ಶುರುವಾಯಿತು. ಅಮ್ಮನಿಂದ ಆಟ ಕಲಿತ ಆನಂದ್ ಅಲ್ಲಿಗೆ ಬಂದರು, 1988ರಲ್ಲಿ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. 2013ರಲ್ಲಿ ಇದೇ ಊರಲ್ಲಿ ಕಾರ್ಲ್‌ಸನ್‌ಗೆ ವಿಶ್ವ ಪಟ್ಟ ಬಿಟ್ಟುಕೊಟ್ಟರು. ಹನ್ನೊಂದು ವರ್ಷದ ಮೇಲೆ ಸಿಂಗಪುರದಲ್ಲಿ ಗುಕೇಶ್ ಅದನ್ನು ಇದೇ ಊರಿಗೆ ತಂದ, ಹದಿನೆಂಟನೆಯ ವಯಸ್ಸಿಗೆ. 2022ರ ಒಲಿಂಪಿಯಾಡಿಗೆ ನೇಪಿಯರ್ ಸೇತುವೆಗೇ ಕಪ್ಪು ಬಿಳುಪು ಮನೆಗಳನ್ನು ಬಳಿದಿದ್ದರು, ವೇಷ್ಟಿ ಉಟ್ಟ ಕುದುರೆ 'ತಂಬಿ' ಊರೆಲ್ಲ ಕೈಮುಗಿದು ನಿಂತಿತ್ತು.

ಟೂರ್ನಮೆಂಟಿನ ಸಭಾಂಗಣದೊಳಗೆ ಅಪ್ಪ ಅಮ್ಮಂದಿರಿಗೆ ಪ್ರವೇಶವಿಲ್ಲ. ಮೊದಲ ಹತ್ತು ನಿಮಿಷ ಫೋಟೋ, ಆಮೇಲೆ ಹೊರಗೆ. ಹೊರಗಿನ ಕಾರಿಡಾರು ಒಂದು ಬೇರೆಯೇ ಊರು. ನೆಲದ ಮೇಲೆ ಜಮಖಾನ, ಮೊಸರನ್ನದ ಡಬ್ಬಿ, ಲ್ಯಾಪ್‌ಟಾಪಿನಲ್ಲಿ ಆಫೀಸಿನ ಮೀಟಿಂಗು. ಬಾಗಿಲು ತೆಗೆದಾಗೆಲ್ಲ ಎಲ್ಲರ ಕತ್ತು ಒಟ್ಟಿಗೆ ಏಳುತ್ತದೆ. ಹೊರಗೆ ಬಂದ ಮಗುವಿನ ಮುಖ ನೋಡಿ, ಅದು ತಮ್ಮದಲ್ಲ ಅಂತ ಖಾತ್ರಿಯಾದ ಮೇಲೆ ಕತ್ತು ಇಳಿಯುತ್ತದೆ. ಸೋತು ಬಂದ ಒಬ್ಬ ಹುಡುಗನಿಗೆ ಅವನಪ್ಪ ಏನೂ ಅನ್ನದೆ ನೀರಿನ ಬಾಟಲಿಯ ಮುಚ್ಚಳ ತೆಗೆದು ಕೊಟ್ಟರು. ಇನ್ನೊಬ್ಬರು ಮಗಳ ಸ್ಕೋರ್‌ಶೀಟ್ ಕಿತ್ತುಕೊಂಡು ಅಲ್ಲೇ ಫೋನಿನ ಚದುರಂಗದ ಎಂಜಿನ್ನಿಗೆ ಹಾಕಿ, ಎಲ್ಲಿ ತಪ್ಪಿತು ಅಂತ ಬೆರಳಿಟ್ಟು ತೋರಿಸತೊಡಗಿದರು. ಆ ಹುಡುಗಿಗೆ ಹೆಚ್ಚೆಂದರೆ ಒಂಬತ್ತು ವರ್ಷ. ನಾನೂ ಒಂದು ವರ್ಷದ ಹಿಂದೆ ಹಾಗೇ ಮಾಡುತ್ತಿದ್ದೆ. ಮಾವ ಬೈದ ಮೇಲೆ ಬಿಟ್ಟೆ.

ನನ್ನ ಮಗಳು ಎರಡನೇ ಸುತ್ತಿನಲ್ಲಿ, ಮಣೆ ಎಟುಕದೆ ಕುರ್ಚಿಯ ಮೇಲೆ ಮಂಡಿಯೂರಿ ಕೂತ ಹುಡುಗನಿಗೆ ಸೋತಳು. ಒಟ್ಟು ಆರು ಸುತ್ತಿಗೆ ಮೂರೂವರೆ. "ರೇಟಿಂಗ್ ಏನೂ ಹೋಗಲ್ಲಮ್ಮ, ನಾಲ್ಕು ಪಾಯಿಂಟ್ ಬರಬಹುದು," ಅಂದಳು. ಅಷ್ಟಕ್ಕೆ ನಾವು ಮೂರು ರಾಜ್ಯ ಸುತ್ತಿದ್ದೆವು.

ಎರಡನೇ ದಿನ ಮಧ್ಯಾಹ್ನ ಮಾವ ಕಾಣಲಿಲ್ಲ. ಹುಡುಕಿದರೆ ಮೆಟ್ಟಿಲ ಕೆಳಗೆ, ನೀರಿನ ಕ್ಯಾನ್ ಪಕ್ಕ, ಒಂದು ಜಮಖಾನದ ಮೇಲೆ. ಎದುರಿಗೆ ಮೂಗುಬೊಟ್ಟಿನ ಒಬ್ಬ ಪಾಟಿ, ಮೊಮ್ಮಗನನ್ನು ಕರೆತಂದವರು. ನಡುವೆ ಮಣೆ. ಪಾಟಿ ಕುಸಿದ ಅರಗಿನ ಮುದ್ದೆಯನ್ನು ತಿರುಗಿಸಿ ನೋಡುತ್ತಿದ್ದರು.

"ಇದು ಎನ್ನ?"

"ಆನೆ," ಅಂದರು ಮಾವ, ಕೇರಳದ ಅನುಭವದಿಂದ ಸ್ವಲ್ಪ ಅಳುಕಿ.

"ಓ, ಯಾನೈಯಾ!" ಅಂತ ಪಾಟಿ ಅದನ್ನು ನೇರ ಮೂಲೆಯಲ್ಲಿ ಇಟ್ಟರು. ಮಾವ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ನೋಡಿದೆಯಾ, ಇಲ್ಲಿ ನೆಟ್ಟಗೆ ನಡೆಯುತ್ತೆ.

ಆಟ ಬಿರುಸಾಯಿತು. ಪಾಟಿ ಕಾಯಿ ಎತ್ತುವ ಮುಂಚೆ ಹಳೇ ಕಾಲದ ಮರ್ಯಾದೆಯಲ್ಲಿ ಎಚ್ಚರಿಕೆ ಕೊಡುತ್ತಿದ್ದರು. ಒಂದು ಹಂತದಲ್ಲಿ ಬಳೆ ಹಿಂದಕ್ಕೆ ಸರಿಸಿ, "ಮಂದಿರಿ ಪೋಗುದು, ಪಾತ್ತುಕ್ಕೋಂಗೋ," ಅಂದರು. ಮಂತ್ರಿ ಹೋಗುತ್ತೆ, ನೋಡಿಕೊಳ್ಳಿ. ಮಾವ ಬೆಚ್ಚಿ, ಮಣೆಯನ್ನೆಲ್ಲ ಹುಡುಕಿ, ರಾಜನ ಪಕ್ಕದ ಮಂತ್ರಿಗೆ ಯಾವ ಕಡೆಯಿಂದ ಅಪಾಯ ಅಂತ ತಿಳಿಯದೆ, ಇರಲಿ ಅಂತ ಅದನ್ನು ಎರಡು ಮನೆ ಹಿಂದಕ್ಕೆ ಎಳೆದುಕೊಂಡರು.

ಪಾಟಿ ಅವರ ಒಂಟೆಯನ್ನು ಹೊಡೆದರು. ತಮಿಳಿನಲ್ಲಿ ಮಂತ್ರಿ ಅಂದರೆ ಓರೆ ಹೋಗುವ ಕಾಯಿ. ನಮ್ಮ ಮಂತ್ರಿ ಅವರಿಗೆ ರಾಣಿ.

"ಇದಾ ಮಂತ್ರಿ?" ಅಂದರು ಮಾವ.

"ಆಮಾ, ಅಪ್ಪೋವೇ ಸೊನ್ನೇನೇ," ಆಗಲೇ ಹೇಳಿದೆನಲ್ಲ, ಅಂತ ಪಾಟಿ ಒಂಟೆಯನ್ನು ಮಡಿಲ ಪಕ್ಕ ಇಟ್ಟುಕೊಂಡು, ಚಕ್ಕುಲಿ ಡಬ್ಬಿ ನಮ್ಮ ಕಡೆಗೆ ಸರಿಸಿದರು.